ಅಪ್ಪ ತಂದ ನೊಣ

ಗುಂಡ್ಲುಪೇಟೆಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ನನ್ನ ಕೆಲಸ. ಸಾಸಿವೆಗಿಂತ ಚಿಕ್ಕ ಬಿಡಿಭಾಗಗಳನ್ನು ಬೆಸೆಯಬೇಕಲ್ಲ, ಅದಕ್ಕೆ ಅಲ್ಲೊಂದು ಮೈಕ್ರೋಸ್ಕೋಪ್ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಅದರ ಕೆಳಗೆ ನೊಣ ಇಟ್ಟು ನೋಡುತ್ತಿದ್ದೆ. ಮನೆ ನೊಣ, ಸಗಣಿ ನೊಣ, ಕೊಳೆತ ಬಾಳೆಹಣ್ಣಿನ ನೊಣ, ಯಾವುದಾದರೂ ಸರಿ. ಓದಿದ್ದು ಪಿಯುಸಿ ಕಾಮರ್ಸ್. ನೊಣದ ವಿಷಯ ಕಲಿತದ್ದೆಲ್ಲ ಹರವೆ ಕಡೆಯಿಂದ ಬರುವ ಬಸ್ಸಿನಲ್ಲಿ ಕೂತು, ಫೋನಿನಲ್ಲಿ.

"ಊರೋರೆಲ್ಲ ನೊಣ ಓಡುಸ್ತರೆ, ನೀನು ಕರ್ದು ಕೂರುಸ್ಕತೀಯಲ್ಲಮ್ಮಿ," ಅನ್ನುತ್ತಿದ್ದ ಅಂಗಡಿಯ ಅಣ್ಣ. ಆದರೂ ಮೈಕ್ರೋಸ್ಕೋಪ್ ಮುಟ್ಟಬೇಡ ಅಂತ ಒಂದು ದಿನವೂ ಹೇಳಲಿಲ್ಲ.

ಅಪ್ಪ ಲಾರಿ ಡ್ರೈವರ್. ಬದನಗುಪ್ಪೆಯಲ್ಲಿ ಪಾಲಿಶ್ ಆದ ಕರಿಕಲ್ಲು ಹೇರಿಕೊಂಡು ಗುಜರಾತಿನವರೆಗೂ ಹೋಗುತ್ತಿದ್ದ. ಅಲ್ಲಿ ಲಿಗ್ನೈಟ್ ಗಣಿ ಹತ್ತಿರದ ಡಾಬಾದಲ್ಲಿ ಅವನ ಊಟ. ಲಿಗ್ನೈಟ್ ಅಂದರೆ ಕಂದು ಬಣ್ಣದ ಕಲ್ಲಿದ್ದಲು. ಅದರ ನಡುವೆ ಹಳದಿ ಉಂಡೆಗಳು ಸಿಗುತ್ತವಂತೆ, ಡಾಬಾಕ್ಕೆ ಬರುವ ಗಣಿ ಡ್ರೈವರುಗಳು ಅದನ್ನೇ ಕ್ಯಾಬಿನ್ನಿನಲ್ಲಿ ದೇವರ ಫೋಟೋಗೆ ಧೂಪ ಹಾಕುತ್ತಾರಂತೆ. ಒಂದು ಸಲ ಅಪ್ಪ ಟವಲಿನಲ್ಲಿ ಒಂದಷ್ಟು ಕಟ್ಟಿಕೊಂಡು ಬಂದ.

"ತಕ್ಕ ಕಣಮ್ಮಿ. ಒಂದ್ರೊಳಗೆ ಸೊಳ್ಳೆ ಇದ್ದಂಗದೆ. ನಿಂಗೆ ಅಂತ್ಲೇ ಆರ್ಸ್ಕ ಬಂದೆ."

"ಮಗ್ಳಿಗೆ ಒಡ್ವೆ ತತ್ತರೆ ಜನ," ಅಂದಳು ಅವ್ವ. "ಇವ್ರು ಸತ್ತ ಸೊಳ್ಳೆ ತಂದವ್ರೆ."

ಅದು ಅಂಬರ್ ಅಂತ ನನಗೆ ನೋಡಿದ ಕೂಡಲೇ ಅನ್ನಿಸಿತು. ಮರದ ಅಂಟು ಮಣ್ಣಿನೊಳಗೆ ಕೋಟಿಗಟ್ಟಲೆ ವರ್ಷ ಹೂತಿದ್ದು ಕಲ್ಲಾದದ್ದು. ಮಾರನೆಯ ದಿನ ಅಂಗಡಿಯಲ್ಲಿ ಸೋಲ್ಡರಿಂಗ್ ಕಡ್ಡಿ ಕಾಯಿಸಿ ಒಂದು ಚೂರಿಗೆ ತಾಗಿಸಿದೆ. ಪ್ಲಾಸ್ಟಿಕ್ಕಾಗಿದ್ದರೆ ಕಮಟು ನಾರುತ್ತಿತ್ತು. ಇದು ಹಾಗಲ್ಲ. ಸಾಂಬ್ರಾಣಿಯಂತೆ ಇದ್ದರೂ ಒಳಗೊಂದು ಡಾಂಬರಿನ ಘಾಟು, ಆಮೇಲೆ ಕಾಡಿನ ಮರ ಕಡಿದಾಗ ಬರುವಂಥದ್ದು ಏನೋ.

"ಏನಮ್ಮಿ, ಅಂಗಡೀಲಿ ಪೂಜೆ ಮಡಿಕಂಡಿದ್ದೀಯಾ?" ಅಂದ ಅಣ್ಣ.

ಉಳಿದ ಉಂಡೆಗಳನ್ನು ಅವ್ವ ಸಾಂಬ್ರಾಣಿ ಡಬ್ಬಿಗೆ ಹಾಕಿಕೊಂಡಳು. ಅವುಗಳಲ್ಲಿ ಏನೂ ಇರಲಿಲ್ಲ, ನಾನು ನೋಡಿದ್ದೆ. ಸೋಮವಾರ ಸೋಮವಾರ ಒಂದೊಂದು ಚೂರು ಕೆಂಡಕ್ಕೆ ಬೀಳುತ್ತಿತ್ತು, ಮನೆಯೆಲ್ಲ ಅದೇ ವಾಸನೆ.

ಸೊಳ್ಳೆ ಇದ್ದ ಉಂಡೆ ನನ್ನದಾಯಿತು. ನೀರು ಹಾಕಿ ಉಪ್ಪುಕಾಗದದಲ್ಲಿ ಉಜ್ಜಿದೆ. ಕೊನೆಗೆ ಅಪ್ಪ ಬದನಗುಪ್ಪೆಯಿಂದ ಕರಿಕಲ್ಲಿಗೆ ಹಚ್ಚುವ ಪಾಲಿಶ್ ಪುಡಿ ಒಂದು ಪೊಟ್ಟಣ ತಂದುಕೊಟ್ಟ. ಅದರಲ್ಲಿ ಉಜ್ಜಿದ ಮೇಲೆ ಕಲ್ಲು ಜೇನುತುಪ್ಪದ ಹನಿಯ ಹಾಗೆ ತಿಳಿಯಾಯಿತು. ಒಳಗಿದ್ದದ್ದು ಸೊಳ್ಳೆಯಲ್ಲ, ಗೂನುಬೆನ್ನಿನ ಒಂದು ಪುಟ್ಟ ನೊಣ. ಇದರ ವಂಶದವು ಈಗಲೂ ನಮ್ಮ ಅಡಿಗೆಮನೆಯಲ್ಲಿ ಓಡಾಡುತ್ತವೆ, ಹೂತ ಹೆಣಕ್ಕೂ ಮಣ್ಣು ತೂರಿಕೊಂಡು ಇಳಿಯುತ್ತವೆ. ಆದರೆ ಇದರ ಹಿಂಗಾಲಿನಲ್ಲಿ ಬಾಚಣಿಗೆಯಂತೆ ಸಾಲಾಗಿ ನಿಂತ ಮುಳ್ಳುಗಳು, ರೆಕ್ಕೆಯಲ್ಲಿ ಮಧ್ಯಕ್ಕೇ ನಿಂತುಹೋದ ಒಂದು ನರ. ನಾನು ಹುಡುಕಿದ ಯಾವ ಚಿತ್ರದಲ್ಲೂ ಈ ಎರಡೂ ಒಟ್ಟಿಗೆ ಸಿಗಲಿಲ್ಲ.

ದೂರದ ಊರಿನ ಒಂದು ಸಂಗ್ರಹಾಲಯದಲ್ಲಿ ನೊಣಗಳ ಮೇಲೆ ಕೆಲಸ ಮಾಡುವ ಮೇಡಂ ಒಬ್ಬರಿಗೆ ಫೋಟೋ ಕಳಿಸಿದೆ. ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಅವರು ಫೋನೇ ಮಾಡಿಬಿಟ್ಟರು. ಇದು ಹೊಸ ಜಾತಿಯೇ ಇರಬಹುದು, ಇಬ್ಬರೂ ಸೇರಿ ವಿಜ್ಞಾನದ ಪತ್ರಿಕೆಗೆ ಬರೆಯೋಣ, ನೀನು ಕಂಡದ್ದನ್ನೆಲ್ಲ ತಲೆಯಿಂದ ಬಾಲದವರೆಗೆ ವಿವರಿಸು ಅಂದರು. "ಆದ್ರೆ ಒಂದು ತಿಳ್ಕೋಮ್ಮ. ಫೋಟೋ ಸಾಲಲ್ಲ. ಕಲ್ಲು ಇಲ್ಲಿಗೆ ಬಂದು, ಅದಕ್ಕೊಂದು ನಂಬರ್ ಬೀಳ್ಬೇಕು. ಮುಂದೆ ಯಾರಾದ್ರೂ ಅನುಮಾನ ಪಟ್ರೆ ತೆಗೆದು ನೋಡೋ ಹಾಗಿರ್ಬೇಕು. ಆಮೇಲೇ ಹೆಸರು."

ಹೆಸರು ನಾನು ಆಗಲೇ ಯೋಚಿಸಿಟ್ಟಿದ್ದೆ. ಅಪ್ಪನದು.

ಹೇಳಿದಾಗ ಅಪ್ಪ ತುಂಬ ಹೊತ್ತು ನಕ್ಕ. "ಊರೊಳ್ಗೆ ರೋಡಿಗೆ ಹೆಸ್ರು ಮಡಗುಸ್ಕಂಡೋರವ್ರೆ, ಸ್ಕೂಲಿಗೆ ಮಡಗುಸ್ಕಂಡೋರವ್ರೆ. ನಂಗೆ ನೊಣ ಸಿಕ್ತಲ್ಲವ್ವ." ಆಮೇಲೆ ಲಾರಿ ಹತ್ತುವಾಗ ಮತ್ತೆ ಕೇಳಿದ, "ಅದ್ರಲ್ಲಿ ನಮ್ಮಪ್ಪನ ಹೆಸ್ರೂ ಬತ್ತದಾ, ಇಲ್ಲ ನಂದೊಂದೇನಾ?"

ಅವನು ಹೊರಟು ನಾಲ್ಕೈದು ದಿನವಾಗಿತ್ತು. ನಾಳೆ ಕಲ್ಲು ಕೊರಿಯರ್ ಮಾಡುತ್ತೀನಿ ಅಂತ ಅವ್ವನಿಗೆ ಹೇಳಿ ಮಲಗಿದ್ದೆ. ಬೆಳಿಗ್ಗೆ ಲಾರಿ ಮಾಲೀಕರ ಫೋನ್ ಬಂತು. ಅಪ್ಪ ಅದೇ ಡಾಬಾದ ಮುಂದೆ, ಕ್ಯಾಬಿನ್ನಿನಲ್ಲಿ ಮಲಗಿದ್ದವನು ಎದ್ದಿರಲಿಲ್ಲ. ಹೃದಯ ನಿಂತಿದೆ ಅಂದರು.

ಹೆಣ ಊರಿಗೆ ಬರಲು ದಿನಗಳೇ ಹಿಡಿದವು. ಬಿಸಿಲುಕಾಲ. ಪೆಟ್ಟಿಗೆ ತೆಗೆಯಬೇಡಿ ಅಂದರು ಜೊತೆಗೆ ಬಂದವರು. ಅವ್ವ ಮುಖ ನೋಡಬೇಕು ಅಂತ ಹಟ ಮಾಡಿದಳು, ಹೆಂಗಸರು ಹಿಡಿದುಕೊಂಡರು. ಪೆಟ್ಟಿಗೆಯ ಸಂದಿನ ಸುತ್ತ ನೊಣ ಕೂತಿದ್ದವು. ಅವು ಯಾವ ಜಾತಿಯವು ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು. ಹೊಲದಲ್ಲೇ ಮಣ್ಣು ಮಾಡಿದೆವು.

ಅಲ್ಲಿಂದ ತಿಥಿಯವರೆಗೆ ಮನೆ ತುಂಬ ಜನ, ಕುದೇರಿನಿಂದ ಬಂದ ನೆಂಟರ ಮಕ್ಕಳು ಎಲ್ಲ ಮೂಲೆಗೂ ಕೈಹಾಕುತ್ತಿದ್ದರು. ಕಲ್ಲನ್ನು ಅರಳೆಯಲ್ಲಿ ಸುತ್ತಿ, ಮೊಬೈಲಿನ ಸ್ಕ್ರೂ ಹಾಕುವ ಡಬ್ಬಿಯಲ್ಲಿಟ್ಟು, ದೇವರ ಗೂಡಿನಲ್ಲಿಟ್ಟೆ. ಮಕ್ಕಳು ಮುಟ್ಟದ ಜಾಗ ಅದೊಂದೇ.

ತಿಥಿಯ ದಿನ ಸಾಂಬ್ರಾಣಿ ಡಬ್ಬಿ ಖಾಲಿಯಾಗಿತ್ತು. ಅಂಗಡಿಯಿಂದ ಒಂದು ಪ್ಯಾಕೆಟ್ ತಂದು ಅವ್ವನ ಕೈಗೆ ಕೊಟ್ಟವಳು ನಾನೇ. ನಡುಮನೆಯಲ್ಲಿ ಎಡೆ ಹಾಕಿದರು. ಅಪ್ಪನಿಗೆ ಇಷ್ಟವಾದದ್ದೆಲ್ಲ, ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ, ಸ್ಟೀಲ್ ಲೋಟದಲ್ಲಿ ಟೀ. ಕೊನೆಗೆ ಅವ್ವ ಧೂಪ ಹಾಕಿ ಬಂದಳು. ನಮ್ಮಲ್ಲಿ ಎಡೆ ಇಟ್ಟ ಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಸತ್ತವರು ಬಂದು ಉಣ್ಣುವ ಹೊತ್ತು ಅದು. ಯಾರೂ ನೋಡಬಾರದು.

ಜಗಲಿಯ ಮೇಲೆ ನಿಂತಿದ್ದೆವು. ಬಾಗಿಲ ಸಂದಿಯಿಂದ ಹೊಗೆ ಬಂತು. ಮೊದಲು ಪ್ಯಾಕೆಟ್ ಸಾಂಬ್ರಾಣಿಯ ಸೆಂಟಿನ ವಾಸನೆ. ಆಮೇಲೆ ಅದರ ಅಡಿಯಿಂದ ಡಾಂಬರಿನ ಘಾಟು, ಕಡಿದ ಮರ.

ಡಬ್ಬಿ ಖಾಲಿ ಇತ್ತು. ಮನೆಯಲ್ಲಿ ಆ ವಾಸನೆ ಬರುವ ವಸ್ತು ಇನ್ನೊಂದೇ ಇತ್ತು.

ಅಂಬರ್ ಒಮ್ಮೆಗೇ ಉರಿದುಹೋಗುವುದಿಲ್ಲ. ಮೊದಲು ಮೆತ್ತಗಾಗುತ್ತದೆ, ಅಂಚು ಕಪ್ಪಾಗಿ ಗುಳ್ಳೆ ಏಳುತ್ತದೆ. ಈಗ ಒಳಗೆ ಹೋದರೆ ಇಕ್ಕಳದಲ್ಲಿ ಎತ್ತಬಹುದು, ಕಾಲಾದರೂ ಉಳಿಯುತ್ತೆ, ರೆಕ್ಕೆಯಾದರೂ ಉಳಿಯುತ್ತೆ. ಚಿಲಕದ ಮೇಲೆ ಕೈ ಇಟ್ಟೆ.

ಅವ್ವ ನನ್ನ ಮಣಿಕಟ್ಟು ಹಿಡಿದಳು. ಬಿಗಿಯಾಗಿ ಏನಲ್ಲ.

"ತಗೀಬ್ಯಾಡ ಕಣಮ್ಮಿ. ನಿಮ್ಮಪ್ಪ ಉಣ್ತಾವ್ರೆ."

ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲ. ಆದರೆ ಪೆಟ್ಟಿಗೆಯೊಳಗಿನ ಅಪ್ಪನ ಮುಖವನ್ನು ಅವಳಿಗೆ ಒಂದು ಸಲವೂ ತೋರಿಸಿರಲಿಲ್ಲ ಯಾರೂ. ಚಿಲಕ ಬಿಟ್ಟೆ. ನಿಂತೆ. ವಾಸನೆ ಗಾಢವಾಗಿ, ಆಮೇಲೆ ತೆಳುವಾಗಿ, ಆಮೇಲೆ ಬರೀ ಕೆಂಡದ ವಾಸನೆಯಾಯಿತು. ಹಿರಿಯರೊಬ್ಬರು ಕೆಮ್ಮಿ ಬಾಗಿಲು ತಟ್ಟಿ ತೆರೆದರು.

ಧೂಪಾರತಿಯಲ್ಲಿ ಕರಿ ಹುರುಪೆಯಂಥದ್ದು ಅಂಟಿತ್ತು. ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡಿದೆ, ಆಮೇಲೆ. ಏನೂ ಇರಲಿಲ್ಲ.

"ನೀನು ಅರಳೆ ಸುತ್ತಿ ದೇವ್ರ ಗೂಡಲ್ಲಿ ಎತ್ತಿಟ್ಟಿದ್ದಲ್ಲ," ಅಂದಳು ಅವ್ವ ಅವತ್ತು ಸಂಜೆ ಪಾತ್ರೆ ತೊಳೆಯುತ್ತ. "ಡಬ್ಬೀಲಿ ಇದ್ದವೆಲ್ಲಕ್ಕಿಂತ ಚೆಂದಾಗಿತ್ತು. ನಿಮ್ಮಪ್ಪಂಗೆ ಅಂತ್ಲೇ ಮಡಗೀಯ ಅಂತ ಗೊತ್ತಾಯ್ತು. ನೊಣದ್ದು ಆಗ್ಲೇ ಕಳ್ಸ್‌ಬುಟ್ಟಿದ್ದಲ್ಲ?"

ನಾನು ಪಾತ್ರೆಗಳನ್ನು ಮಗುಚಿ ಜೋಡಿಸಿದೆ.

ಮೇಡಂಗೆ ನಡೆದದ್ದನ್ನು ಹೇಳಿದೆ. ಕಲ್ಲಿಲ್ಲದೆ ಯಾವ ಪತ್ರಿಕೆಯೂ ತೆಗೆದುಕೊಳ್ಳುವುದಿಲ್ಲಮ್ಮ, ಇನ್ನೊಂದು ಅಂಥದ್ದೇ ಸಿಕ್ಕರೆ ನೋಡೋಣ ಅಂದರು. ಬೇರೆ ಯಾರಿಗಾದರೂ ಸಿಕ್ಕರೆ, ಹೆಸರು ಇಡುವವರು ಅವರು.

ಮೊನ್ನೆ ಬಸ್ಸಿಗೆ ಹೊರಟಾಗ ಅವ್ವ ಕೇಳಿದಳು, "ನಿಮ್ಮಪ್ಪನ ಹೆಸ್ರು ಬಂತಾ ಪೇಪರಲ್ಲಿ?"

"ಟೈಮಾಯ್ತದೆ ಕಣವ್ವ."

"ಆಗ್ಲಿ ಬುಡು. ಕೋಟಿ ಕೋಟಿ ವರ್ಸ ಕಾದಿರೋ ನೊಣ, ಇನ್ನೊಂದೀಟು ಕಾಯ್ಲಿ," ಅಂದು ಅವ್ವ ಬುತ್ತಿ ಕೈಗಿಟ್ಟಳು.