ಉಚ್ಚೀರಪ್ಪ ಮಕ್ಕಳನ್ನು ಎಣಿಸಿದ್ದು

ಕುರಿ ಕಾಯುವ ಉಚ್ಚೀರಪ್ಪ ಮೇಷ್ಟ್ರಾಗುತ್ತಾನಂತೆ ಎಂಬ ಸುದ್ದಿ ಕೇಳಿ ಆಲೂರಿನ ಆಚೆಗಿರುವ ನಮ್ಮೂರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಡಿಕೊಳ್ಳುವವರಿಗೇನು ಖರ್ಚು? ಅವನಿಗೆ ಬೇಕಿದ್ದುದು ಮೇಷ್ಟ್ರ ಮರ್ಯಾದೆಯಲ್ಲ, ದಿನಾ ಸಂಜೆ ಮನೆಗೆ ಬರುವಂಥ ಕೆಲಸ.

ಹಿಂದಿನ ಬೇಸಿಗೆಯಲ್ಲಿ ಅವನು ಅಣ್ಣನ ಜೊತೆ ಕುರಿ ಹೊಡೆದುಕೊಂಡು ತುಂಗಭದ್ರೆಯ ದಂಡೆಗೆ ಹೋಗಿದ್ದಾಗ ಮಗ ಸಿಡುಬು ಬಂದು ತೀರಿಕೊಂಡಿದ್ದ. ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅದಕ್ಕೆ ಸ್ವಲ್ಪ ಮುಂಚೆ ಜನಗಣತಿಯವರು ಅಂಗಳದಲ್ಲಿ ಕೂತು ತಲೆ ಎಣಿಸಿಕೊಂಡು ಹೋಗಿದ್ದರು. ನಮ್ಮ ಕಡೆ ಹಟ್ಟಿಯ ಕುರಿಗಳನ್ನು ಯಾರೂ ಬೆರಳು ಮಾಡಿ ಎಣಿಸುವುದಿಲ್ಲ. ಎಣಿಸಿದರೆ ಕಡಿಮೆಯಾಗುತ್ತವೆ ಎಂಬ ಭಯ. ಸಂಜೆ ಬಾಗಿಲಲ್ಲಿ ನಿಂತು ಮುಖ ನೋಡಿ ಒಳಗೆ ಬಿಡುತ್ತಾರೆ, ಅಷ್ಟೆ. ಇನ್ನು ಮಕ್ಕಳನ್ನು ಎಣಿಸುವುದುಂಟೆ? ಎಣಿಸಿದ್ದಕ್ಕೇ ಮಗ ಹೋದ ಎಂದು ಹೆಂಡತಿ ಲಿಂಗಕ್ಕ ಎದೆ ಬಡಿದುಕೊಂಡಳು. ಹಾಗೇನಿಲ್ಲ, ಸುಮ್ಮನಿರು ಎನ್ನುತ್ತಿದ್ದ ಉಚ್ಚೀರಪ್ಪ. ಉಳಿದವಳು ಮಗಳು ಜಂಬಮ್ಮ ಒಬ್ಬಳೇ. ಅವಳನ್ನು ಬಿಟ್ಟು ಇನ್ನು ಹೊಳೆದಂಡೆಗೆ ಬರಲಾರೆ ಎಂದು ಅಣ್ಣನಿಗೆ ಹೇಳಿಬಿಟ್ಟಿದ್ದ.

ಊರ ಶಾಲೆಯ ಮೇಷ್ಟ್ರು ಯುದ್ಧದ ಯಾವುದೋ ಕಚೇರಿ ಸೇರಿ ಆದೋನಿಗೆ ಹೋಗಿದ್ದರು. ಐದನೇ ಕ್ಲಾಸಿನವರೆಗೆ ಓದಿದ್ದ ಉಚ್ಚೀರಪ್ಪ ಗುಡಿಯ ಕಟ್ಟೆಯ ಮೇಲೆ ಮಕ್ಕಳನ್ನು ಕೂಡಿಸಿಕೊಂಡ. ಕನ್ನಡದಲ್ಲಿ ಕಲಿಸುವುದು, ತೆಲುಗಿನಲ್ಲಿ ಗದರಿಸುವುದು. ನಕ್ಕವರೇ ತಮ್ಮ ಮಕ್ಕಳನ್ನು ತಂದು ಬಿಟ್ಟರು. ಶಾಲೆಗಳ ಇನ್ಸ್‌ಪೆಕ್ಟರು ಒಪ್ಪಿದರೆ ಕೆಲಸ ಅವನದೇ ಎಂದಾಯಿತು.

ಶಿವರಾತ್ರಿ ಕಳೆದ ಮೇಲೆ ಇನ್ಸ್‌ಪೆಕ್ಟರು ಬಂದರು. ಮಗ್ಗಿ ಹೇಳಿಸಿದರು, ಪಾಠ ಓದಿಸಿದರು, ಖುಷಿಯಾದರು. ಕೊನೆಗೆ ಹಾಜರಿ ಪುಸ್ತಕ ಕೈಗೆ ತೆಗೆದುಕೊಂಡು, ಮಕ್ಕಳನ್ನು ಒಂದು ಸಲ ಎಣಿಸಿ ತೋರಿಸು ಎಂದರು.

ಉಚ್ಚೀರಪ್ಪ ಜಂಬಮ್ಮನತ್ತ ನೋಡಿದ. ಆದರೂ ಕೆಲಸ ಬೇಕಲ್ಲ! ಒಂದೊಂದೇ ತಲೆ ಮುಟ್ಟುತ್ತಾ ಎಣಿಸಿದ. ಜಂಬಮ್ಮನ ಹತ್ತಿರ ಬಂದಾಗ ಅವಳನ್ನು ದಾಟಿ ಪಕ್ಕದ ಹುಡುಗಿಯ ತಲೆ ಮುಟ್ಟಿದ. ಲೆಕ್ಕಕ್ಕೆ ಒಂದು ಕಡಿಮೆ ಬಂತು. ಮತ್ತೆ ಎಣಿಸು ಎಂದರು. ಮತ್ತೆಯೂ ಅವಳನ್ನು ದಾಟಿದ. ಇನ್ಸ್‌ಪೆಕ್ಟರು ನಕ್ಕು, ಸ್ವಂತ ಮಗಳನ್ನೇ ಮರೆತೆಯಲ್ಲ ಎನ್ನುತ್ತ ತಾವೇ ಜಂಬಮ್ಮನತ್ತ ಬೆರಳು ಮಾಡಿ ಲೆಕ್ಕ ಮುಗಿಸಿದರು. ಕೆಲಸಕ್ಕೆ ಒಪ್ಪಿಗೆಯನ್ನೂ ಕೊಟ್ಟು ಹೋದರು.

ಕಟ್ಟೆಯ ಪಕ್ಕದಲ್ಲಿ ನೀರಿನ ಕೊಡ ಹೊತ್ತು ನಿಂತಿದ್ದ ಶಂಕರಮ್ಮನಿಗೆ ನಗು ಬರಲಿಲ್ಲ. ಅವಳ ಇಬ್ಬರು ಮಕ್ಕಳು ಅಲ್ಲೇ ಕೂತಿದ್ದರು.

“ನಮ್ಮ ಮಕ್ಕಳ್ನೆಲ್ಲ ಎಣಿಸಿದಿ, ನಿನ್ನ ಮಗಳ್ನ ಮಾತ್ರ ಬಿಟ್ಟಿ. ನಮ್ಮವು ಹೋದ್ರ ಹೋಗ್ಲಿ ಅಂತೇನು, ಉಚ್ಚೀರಣ್ಣ?”

ಅವಳು ಹೇಳಿದ್ದು ನಿಜವೇ ಆಗಿತ್ತು.

ಮಾರನೆಯ ದಿನ ಕಟ್ಟೆಗೆ ಬಂದವಳು ಜಂಬಮ್ಮ ಒಬ್ಬಳೇ. ಉಚ್ಚೀರಪ್ಪ ಮನೆಮನೆಗೆ ಹೋಗಿ ಕೈ ಮುಗಿದ. ಯಾರೂ ಕಳಿಸಲಿಲ್ಲ. ಆ ವಾರವೇ ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಅಣ್ಣನ ಜೊತೆ ಹೊಳೆದಂಡೆಗೆ ಹೊರಟ. ಬಾಗಿಲಲ್ಲಿ ಲಿಂಗಕ್ಕನಿಗೆ ಒಂದೇ ಮಾತು ಹೇಳಿದ:

“ಹುಡುಗಿ ಮೈ ಬಿಸಿ ಆದ್ರ ಕಾಯಬ್ಯಾಡ. ಅವತ್ತೇ ಆಳು ಕಳಿಸು.”

ಆಳು ಹೋಗಿ ಹೇಳಿ, ಇವನು ಬರುವಷ್ಟರಲ್ಲಿ ಏನಾಗಿರುತ್ತದೆ ಎಂಬುದು ಅವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.