ಒಂದೇ ಸಲ ಕೇಳಿದ ಪ್ರಶ್ನೆ

ನಮ್ಮ ಅವ್ವ ಯಾರ ಮನೆಗೆ ಹೋದರೂ ಮೊದಲನೇ ಸಲ ಕೇಳಿದಾಗ ಚಹಾ ಬೇಕು ಅಂದವಳಲ್ಲ. ‘ಈಗ ಆತ್ರಿ, ಕುಡಿದಾ ಬಂದೀನಿ’ ಅನ್ನುತ್ತಿದ್ದಳು. ಕುಡಿದಿರುತ್ತಿರಲಿಲ್ಲ. ಮನೆಯವರು ಎರಡನೇ ಸಲ ಕೇಳಬೇಕು, ಅವ್ವ ಬೇಡವೆಂದು ಕೈ ಆಡಿಸಬೇಕು, ಮೂರನೇ ಸಲ ಅವರು ಸ್ವಲ್ಪ ಮುನಿಸಿಕೊಂಡು ‘ಯಾಕ, ನಮ್ಮ ಮನಿ ಚಾ ಸೇರಂಗಿಲ್ಲೇನ್ರಿ?’ ಅನ್ನಬೇಕು. ಆಗ ಅರ್ಧ ಕಪ್ಪು ಸಾಕೆಂದು ಹೇಳಿ ತುಂಬಿದ ಕಪ್ಪನ್ನೇ ಕುಡಿದು ಬರುತ್ತಿದ್ದಳು. ಒಮ್ಮೆ ಹಗರಿಬೊಮ್ಮನಹಳ್ಳಿಗೆ ಹೊಸದಾಗಿ ಬಂದಿದ್ದ ಬ್ಯಾಂಕಿನವರ ಹೆಂಡತಿ ಅವ್ವನ ಮೊದಲ ಮಾತನ್ನೇ ನಂಬಿ ಸುಮ್ಮನೆ ಕೂತುಬಿಟ್ಟರು. ಮನೆ ಮುಟ್ಟುವವರೆಗೂ ಅವ್ವ ಆಕೆಯನ್ನು ಬೈದದ್ದೇ ಬೈದದ್ದು. ನಾನು ನಕ್ಕೆ, ನನಗೂ ಬೈಗುಳ ಬಿತ್ತು.

ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ಪಾಪ ಆ ಹುಡುಗಿಗೆ ತಿಳಿಯಲಿಲ್ಲ ಎಂದು ಯಾರೂ ನನ್ನ ಪರ ವಹಿಸಬಾರದು. ನನಗೆ ಚೆನ್ನಾಗಿ ತಿಳಿದಿತ್ತು.

ತೊಂಬತ್ತರ ದಶಕದ ಕೊನೆಗೆ, ಹರಪನಹಳ್ಳಿ ತಾಲ್ಲೂಕನ್ನು ಬಳ್ಳಾರಿಯಿಂದ ಬಿಡಿಸಿ ದಾವಣಗೆರೆಗೆ ಸೇರಿಸಿದ ಹೊಸತರಲ್ಲಿ, ನಾನು ಕೊಟ್ಟೂರಿನ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಗೆ ಕೆಲಸಕ್ಕೆ ಸೇರಿದೆ. ಮಂಡಕ್ಕಿ ಭಟ್ಟಿಯ ಪಕ್ಕದ ಎರಡು ಕೋಣೆ ನಮ್ಮ ಆಫೀಸು. ಬೇಸಿಗೆಯಲ್ಲಿ ಭಟ್ಟಿಯ ಕಾವಿಗೆ ಗೋಡೆ ಮುಟ್ಟಲು ಆಗುತ್ತಿರಲಿಲ್ಲ. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಕಡೆಯ ಊರುಗಳ ಮಹಿಳಾ ಸಂಘಗಳಿಗೆ ಹೋಗಿ, ಅವರಿಗೆ ಏನು ಬೇಕೆಂದು ವಿಚಾರಿಸಿ, ಅದನ್ನು ಇಂಗ್ಲಿಷಿನಲ್ಲಿ ಎರಡು ಪುಟ ಬರೆದು, ಫೋಟೋ ಅಂಟಿಸಿ, ಪರದೇಶದ ಒಂದು ಸಂಸ್ಥೆಗೆ ಕಳಿಸುವುದು ನನ್ನ ಕೆಲಸ. ಆ ಸಂಸ್ಥೆಯ ಹತ್ತಿರವೂ ಸ್ವಂತ ದುಡ್ಡಿರಲಿಲ್ಲ. ಅಲ್ಲಿಯ ದಾನಿಗಳಿಗೆ ನಮ್ಮಂಥ ಕಡೆಯ ಸಂಘಗಳನ್ನು ತೋರಿಸಿ, ಇಬ್ಬರಿಗೂ ನಂಟು ಬೆಳೆಸುವುದಷ್ಟೇ ಅದರ ಉದ್ಯೋಗ. ಮದುವೆ ಮಾಡಿಸುವವರು ಹುಡುಗಿಯ ಫೋಟೋ ಹಿಡಿದು ಮನೆಮನೆ ತಿರುಗುತ್ತಾರಲ್ಲ, ಹೆಚ್ಚು ಕಡಿಮೆ ಅದೇ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದೇನೆಂಬ ಜಂಬ ನನಗೆ ಬೇಕಾದಷ್ಟಿತ್ತು. ಮುಖ್ಯಸ್ಥರು ರಿಟೈರಾದ ಹೈಸ್ಕೂಲು ಮಾಸ್ತರರು. ನಾವೆಲ್ಲ ಅವರನ್ನು ಸರ್ ಅನ್ನುತ್ತಿದ್ದೆವು. ಅವರಿಗೆ ನನ್ನ ಇಂಗ್ಲಿಷ್ ಬೇಕಿತ್ತು, ನನ್ನ ಬಾಯಿ ಬೇಕಿರಲಿಲ್ಲ.

ಚಿಗಟೇರಿಯಿಂದ ಒಳಗೆ ಬಸ್ಸು ಹೋಗದ ಒಂದು ಹಟ್ಟಿ ಇತ್ತು. ಕುರಿ ಸಾಕುವವರ ಮನೆಗಳು. ಗಂಡಸರು ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ತಿರುಗಿ ಬರುತ್ತಿರಲಿಲ್ಲ. ಹೆಂಗಸರು ಶೇಂಗಾ ಕಳೆ ತೆಗೆಯಲು, ಮೆಕ್ಕೆಜೋಳ ಮುರಿಯಲು ಕೂಲಿಗೆ ಹೋಗುತ್ತಿದ್ದರು. ಅಂಗನವಾಡಿ ಇದ್ದದ್ದು ದೂರದ ದೊಡ್ಡೂರಿನಲ್ಲಿ. ಅಲ್ಲಿಯೂ ಮೂರು ವರ್ಷ ತುಂಬಿದವರನ್ನು ಮಾತ್ರ ಕೂರಿಸಿಕೊಳ್ಳುತ್ತಿದ್ದರು. ಅದಕ್ಕಿಂತ ಸಣ್ಣ ಕೂಸುಗಳನ್ನು ಏನು ಮಾಡಬೇಕೆಂಬುದು ಆ ಹಟ್ಟಿಯ ಹೆಂಗಸರ ದಿನಬೆಳಗಿನ ಚಿಂತೆಯಾಗಿತ್ತು.

ಸಂಘದ ಅಧ್ಯಕ್ಷೆ ಇನ್ನೂ ಮೂವತ್ತು ದಾಟಿರದ ಹೆಂಗಸು. ಒಣಕಲು ಮೈ, ಎಲ್ಲದಕ್ಕೂ ನಗು. ಆಕೆಯ ಮನೆ ಮುಂದೆ ದನಗಳಿಗೆ ನೀರು ಹಾಕುವ ದೊಡ್ಡ ಕಲ್ಲಬಾನಿಯೊಂದು ಬೋರಲು ಬಿದ್ದಿತ್ತು. ಇಷ್ಟು ಒಳ್ಳೆಯ ಬಾನಿಯನ್ನು ಯಾಕೆ ಬೋರಲು ಹಾಕಿದ್ದೀರಿ ಎಂದು ಕೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು.

‘ಮೊದಲನೇದು ಗಂಡು ಹುಡುಗ ಇತ್ತು ನೋಡ್ರಿ ಅಕ್ಕಾರ. ಅಂಬೆಗಾಲು ಇಡ್ತಿತ್ತು. ಅತ್ತಿ ಹತ್ರ ಬಿಟ್ಟು ಕಳೇಕ ಹೋಗಿದ್ನಿ. ಅತ್ತಿಗೆ ಕಣ್ಣು ಸರಿಯಾಗಿ ಕಾಣಂಗಿಲ್ಲ. ಬಾನ್ಯಾಗ ಗೇಣು ನೀರು ಇತ್ತು, ಅಷ್ಟಾ.’

ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. ಬಾನಿಯನ್ನು ಹಟ್ಟಿಯ ಗಂಡಸರೆಲ್ಲ ಸೇರಿ ಅಂದೇ ಬೋರಲು ಹಾಕಿದ್ದರು. ಆಮೇಲೆ ಯಾರೂ ಅದನ್ನು ಎತ್ತಿರಲಿಲ್ಲ.

ಎರಡನೆಯದು ಹೆಣ್ಣು, ಆಗ ಒಂದೂವರೆ ವರ್ಷ. ಹಳೇ ಸೀರೆ ಹರಿದು ಜಡೆಯಂತೆ ಹೆಣೆದು ಮಾಡಿದ ಹಗ್ಗದ ಒಂದು ತುದಿ ಅದರ ಕಾಲಿಗೆ, ಇನ್ನೊಂದು ತುದಿ ಒಳಗಿನ ಕಂಬಕ್ಕೆ. ಒಲೆ ಸಿಗಬಾರದು, ನೀರಿನ ಕೊಡ ಸಿಗಬಾರದು, ಹೊಸ್ತಿಲು ದಾಟಬಾರದು. ಅಷ್ಟಕ್ಕೆ ಸರಿಯಾಗಿ ಹಗ್ಗ ಅಳೆದಿದ್ದಳು. ಹತ್ತಿಯ ಹಳೇ ಸೀರೆಯೇ ಯಾಕೆಂದರೆ ಮೆತ್ತಗಿರುತ್ತದೆ, ಕಾಲು ತರಚುವುದಿಲ್ಲ. ಆದರೂ ಕಣಕಾಲಿನ ಸುತ್ತ ಒಂದು ಕಪ್ಪು ಗೆರೆ ಬಿದ್ದಿತ್ತು. ಹಟ್ಟಿಯಲ್ಲಿ ಹೀಗೆ ಕಟ್ಟಿದ ಕೂಸುಗಳು ಇನ್ನೂ ನಾಲ್ಕೈದು ಇದ್ದವು.

‘ಕುರಿಮರಿ ಬಿಟ್ಟು ಸಾಕ್ತೀವಿ, ಕೂಸು ಕಟ್ಟಿ ಸಾಕ್ತೀವಿ ನೋಡ್ರಿ ನಾವು’ ಎಂದು ನಕ್ಕಳು.

ಅವರು ಕೇಳಿದ್ದು ಒಂದು ಕೋಣೆ. ನಾಲ್ಕು ಗೋಡೆ, ಒಂದು ಬಾಗಿಲು, ಒಳಗೆ ಒಲೆ ಇಲ್ಲ, ನೀರಿನ ತೊಟ್ಟಿ ಇಲ್ಲ. ಹಟ್ಟಿಯ ಒಬ್ಬ ಹೆಂಗಸು ಕೂಲಿಗೆ ಹೋಗದೆ ಕೂಸುಗಳ ಜೊತೆ ಇರಬೇಕು, ಆಕೆಗೆ ಕೂಲಿಯಷ್ಟೇ ಸಂಬಳ. ಜಾಗ ಅಧ್ಯಕ್ಷೆಯೇ ಕೊಡುತ್ತಿದ್ದಳು. ಮನೆಯ ಪಕ್ಕ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ಗುರುತು ಮಾಡಿದ್ದಳು. ನಾನು ಹೋದಾಗೆಲ್ಲ ಆ ಕಲ್ಲುಗಳ ನಡುವೆ ನಿಲ್ಲಿಸಿ ಬಾಗಿಲು ಯಾವ ಕಡೆ ಬರಬೇಕೆಂದು ಚರ್ಚಿಸುತ್ತಿದ್ದಳು. ನಾನು ಮನಸಿಟ್ಟು ಬರೆದು ಕಳಿಸಿದೆ. ಉತ್ತರ ಬಂತು: ದಾನಿಗಳ ಪರವಾಗಿ ಒಬ್ಬರು ಬರುತ್ತಾರೆ, ಎರಡು ಸಂಘಗಳನ್ನು ನೋಡುತ್ತಾರೆ, ಎರಡರಲ್ಲಿ ಒಂದಕ್ಕೆ ಮಾತ್ರ ಸಹಾಯ.

ಬಂದವರು ನೆರೆತ ಕೂದಲಿನ, ಮೆಲುದನಿಯ ಹೆಂಗಸು. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಒಳ್ಳೆಯವರು. ಮೊದಲ ದಿನ ಹಡಗಲಿ ಕಡೆಯ ಊರಿಗೆ ಕರೆದುಕೊಂಡು ಹೋದೆವು. ಅಲ್ಲಿಯವರು ಮಲ್ಲಿಗೆ ಬಿಡಿಸುವ ಹೆಂಗಸರು. ಕೂತು ಹೂ ಕಟ್ಟಲು ಒಂದು ತಗಡಿನ ನೆರಳು ಅವರಿಗೆ ಬೇಕಿತ್ತು. ನಿಮಗೆ ಏನು ಬೇಕು ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಕೇಳಿದೆ. ‘ಏನಿಲ್ರಿ, ಹಿಂಗಾ ನಡದೈತಿ’ ಎಂದು ಒಬ್ಬಳು ಸೆರಗು ಸರಿಮಾಡಿಕೊಂಡಳು. ಅದರ ಅರ್ಥ ನನಗೆ ಗೊತ್ತಿತ್ತಲ್ಲ. ನಾನು ಬಿಸಿಲು, ತಲೆನೋವು, ಬಾಡುವ ಹೂವು, ತಗಡು ಎಲ್ಲವನ್ನೂ ಸೇರಿಸಿ ಸೊಗಸಾಗಿ ಹೇಳಿದೆ. ಆಕೆ ಬರೆದುಕೊಂಡರು. ಆಮೇಲೆ ನಗುತ್ತಲೇ ಹೇಳಿದರು: ಅವಳು ಎರಡು ಮಾತಾಡಿದಳು, ನೀನು ಇಪ್ಪತ್ತು ಮಾತಾಡಿದೆ, ನನಗೆ ಅವರ ಮಾತಷ್ಟೇ ಸಾಕು.

ಸರ್‌ಗೆ ಅವಮಾನವಾಗಿತ್ತು. ಜೀಪಿನಲ್ಲಿ ಕನ್ನಡದಲ್ಲಿ ಶುರು ಮಾಡಿದರು.

‘ಭಾಷಣ ಮಾಡಾಕ ಕರಕೊಂಡು ಬಂದೀನೇನವ್ವಾ ನಿನ್ನ? ಅವ್ರು ಏನಂತಾರ ಅಷ್ಟಾ ಹೇಳು. ಒಂದು ಅಕ್ಷರ ಹೆಚ್ಚಿಗಿ ಬ್ಯಾಡ.’

ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ. ನನಗೆ ಮೈಯೆಲ್ಲ ಉರಿಯಿತು. ‘ಆತು ಬಿಡ್ರಿ ಸರ್, ಅಷ್ಟಾ ಹೇಳ್ತೀನಿ’ ಎಂದೆ. ಇವರಿಗೆ ಅಕ್ಷರ ಅಕ್ಷರವೇ ಬೇಕಲ್ಲ, ಕೊಡುತ್ತೇನೆ ನೋಡು ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ. ಮರುದಿನ ಹಟ್ಟಿಗೆ ಹೋಗುವವರೆಗೂ ಆ ಸಿಟ್ಟು ಆರಿರಲಿಲ್ಲ.

ಹಟ್ಟಿ ಸಾರಿಸಿಕೊಂಡು, ರಂಗೋಲಿ ಹಾಕಿಸಿಕೊಂಡು ಕಾಯುತ್ತಿತ್ತು. ಅಂದು ಯಾರೂ ಕೂಲಿಗೆ ಹೋಗಿರಲಿಲ್ಲ. ಕೂಸುಗಳಿಗೆಲ್ಲ ಎರೆದು, ಎಣ್ಣೆ ಹಚ್ಚಿ, ಕಾಡಿಗೆ ಇಟ್ಟು, ಮಡಿಲಲ್ಲಿ ಕೂರಿಸಿಕೊಂಡಿದ್ದರು. ಹಗ್ಗ ಒಂದೂ ಕಾಣಲಿಲ್ಲ. ಬಂದವರ ಕಣ್ಣಿಗೆ ಅಂಥದ್ದು ಬೀಳಬಾರದೆಂದು ಎಲ್ಲ ಬಿಚ್ಚಿ ಗೋಡೆಯ ಮಾಡದೊಳಗೆ ತುರುಕಿದ್ದರು. ಕಣಕಾಲಿನ ಕಪ್ಪು ಗೆರೆಯ ಮೇಲೆ ಗೆಜ್ಜೆ ಬಂದಿತ್ತು. ಅತಿಥಿಗೆ ಕೂರಲು ಕುರ್ಚಿ ಇರಲಿಲ್ಲ. ಬೋರಲು ಬಿದ್ದ ಬಾನಿಯ ಮೇಲೆ ಹೊಸ ಕಂಬಳಿ ಹಾಸಿ ಕೂರಿಸಿದರು.

ಸರ್ ಗುಡಿಯ ಹತ್ತಿರ ಹಿರಿಯರ ಜೊತೆ ಮಾತಿಗೆ ನಿಂತರು. ಬೆಲ್ಲದ ಚಹಾ ಬಂತು. ಆಕೆ ಕುಡಿದು, ಅಧ್ಯಕ್ಷೆಯ ಮಗಳ ಗಲ್ಲ ಸವರಿ, ಪುಸ್ತಕ ತೆರೆದು ಕೇಳಿದರು: ನಿಮಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಏನು?

ನಾನು ಕೇಳಿದೆ. ಅಧ್ಯಕ್ಷೆ ಕೈಮುಗಿದಳು.

‘ನಮಗೇನು ಬೇಕವ್ವಾ? ನೀವು ಅಷ್ಟು ದೂರದಿಂದ ನಮ್ಮ ಹಟ್ಟಿಗೆ ಬಂದಿದ್ದಾ ದೊಡ್ಡದು. ದೇವ್ರು ಕೊಟ್ಟಾನ, ಏನೂ ಕಮ್ಮಿ ಇಲ್ಲ.’

ಹೇಳಿ ನನ್ನ ಕಡೆ ನೋಡಿದಳು. ಆ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಮೊದಲ ಮಾತು ಆಯಿತು, ಇನ್ನೊಮ್ಮೆ ಕೇಳಿಸು, ಆಮೇಲೆ ಹೇಳುತ್ತೇನೆ ಎಂಬ ನೋಟ. ಸುತ್ತ ಕೂತ ಹೆಂಗಸರೆಲ್ಲ ಅದನ್ನೇ ಕಾಯುತ್ತಿದ್ದರು.

ನಾನು ಅಕ್ಷರಕ್ಕೆ ಅಕ್ಷರ ಇಂಗ್ಲಿಷಿಗೆ ತಂದೆ. ಹೆಚ್ಚಿಲ್ಲ, ಕಡಿಮೆಯಿಲ್ಲ. ನಿನ್ನೆ ಬೈದವರಿಗೆ ಉತ್ತರ ಕೊಟ್ಟೆನೆಂಬ ಹಟದ ಸಂತೋಷವೂ ಆಯಿತು, ಸುಳ್ಳು ಹೇಳುವುದಿಲ್ಲ. ಇನ್ನೊಮ್ಮೆ ಕೇಳಿಯೇ ಕೇಳುತ್ತಾರೆ, ಕೇಳದೆ ಇರಲು ಯಾರಿಗಾದರೂ ಹೇಗೆ ಸಾಧ್ಯ ಎಂದುಕೊಂಡೆ. ಅವರು ಕೇಳಲಿಲ್ಲ. ಅವರ ಕಣ್ಣು ತುಂಬಿ ಬಂದಿತ್ತು. ಅಧ್ಯಕ್ಷೆಯ ಎರಡೂ ಕೈ ಹಿಡಿದುಕೊಂಡರು, ತಾಯಿ ಮಗಳ ಫೋಟೋ ತೆಗೆದರು, ಪುಸ್ತಕ ಮುಚ್ಚಿದರು. ಅಷ್ಟರಲ್ಲಿ ಸರ್ ಬಂದು, ದಾವಣಗೆರೆಯ ರೈಲಿಗೆ ಹೊತ್ತಾಯಿತೆಂದು ಅವಸರ ಮಾಡಿದರು. ನಾಲ್ಕು ಕಲ್ಲಿನ ಕಡೆಗೆ ಯಾರೂ ಹೋಗಲೇ ಇಲ್ಲ.

ಜೀಪು ಚಿಗಟೇರಿ ದಾಟುವ ಹೊತ್ತಿಗೆ ನನ್ನ ಸಿಟ್ಟು ಇಳಿದು ಭಯ ಶುರುವಾಯಿತು. ಬಾಯಿಬಿಟ್ಟೆ. ನಮ್ಮ ಕಡೆ ಮೊದಲ ಸಲಕ್ಕೆ ಯಾರೂ ಬೇಕೆನ್ನುವುದಿಲ್ಲ, ಮೂರು ಸಲ ಕೇಳಬೇಕು, ಅವರಿಗೆ ಕೋಣೆ ಬೇಕು, ನೀವು ಕೂತದ್ದೇ ಕೂಸು ಸತ್ತ ಬಾನಿ, ಹಗ್ಗಗಳನ್ನು ಮುಚ್ಚಿಟ್ಟಿದ್ದಾರೆ ಎಂದು ಗಡಿಬಿಡಿಯಲ್ಲಿ ಎಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿದರು. ನಿನ್ನ ಮನಸ್ಸು ಒಳ್ಳೆಯದು, ಕೋಣೆ ಬೇಕೆಂದು ನೀನು ಬರೆದು ಕಳಿಸಿದ್ದನ್ನೂ ಓದಿದ್ದೇನೆ, ಆದರೆ ಅವರ ಬಾಯಿಂದ ಬಂದ ಮಾತನ್ನು ನಾನು ಗೌರವಿಸಬೇಕು, ನಿನ್ನೆಯೂ ನೀನು ಹೀಗೇ ಸೇರಿಸಿದ್ದೆಯಲ್ಲ ಎಂದರು. ವಾಪಸ್ ಹೋಗೋಣ ಎಂದು ಸರ್‌ಗೆ ಅಂಗಲಾಚಿದೆ. ‘ರೈಲು ತಪ್ಪತೈತಿ, ಸುಮ್ನಿರವ್ವಾ’ ಎಂದರು. ಆಮೇಲೆ ಅವರೂ ನಾನೂ ಪರದೇಶಕ್ಕೆ ಪತ್ರ ಬರೆದೆವು. ಎರಡಕ್ಕೂ ಬಂದ ಉತ್ತರಗಳಲ್ಲಿ ಸೌಜನ್ಯ ತುಂಬಿತ್ತು, ಬೇರೇನೂ ಇರಲಿಲ್ಲ.

ಸಹಾಯ ಹಡಗಲಿಗೆ ಹೋಯಿತು. ನಾನು ಉಪ್ಪುಖಾರ ಹಚ್ಚಿ ಹೇಳಿದ ಕಡೆ ತಗಡು ಏರಿತು. ಆ ಹೆಂಗಸರಿಗೆ ನೆರಳು ಬೇಡವಿತ್ತೆಂದಲ್ಲ, ಅವರ ಮೇಲೆ ನನಗೆ ಹೊಟ್ಟೆಕಿಚ್ಚೂ ಇಲ್ಲ. ಆದರೆ ಅಲ್ಲಿ ಯಾರೂ ಕೂಸನ್ನು ಕಟ್ಟಿಹಾಕುತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ಅಂಚೆಯಲ್ಲಿ ಆ ಸಂಸ್ಥೆಯ ಪತ್ರಿಕೆ ಬಂತು. ಒಳಗೆ ಇಡೀ ಪುಟದ ಫೋಟೋ: ಅಧ್ಯಕ್ಷೆ, ತೊಡೆಯ ಮೇಲೆ ಗೆಜ್ಜೆ ಹಾಕಿದ ಮಗಳು, ಇಬ್ಬರ ಮುಖದಲ್ಲೂ ನಗು. ನಮಗೇನೂ ಬೇಡ ಎಂದ ಈ ತಾಯಿಯಿಂದ ನಾವು ಕಲಿಯಬೇಕಾದದ್ದು ಬಹಳ ಇದೆ ಎಂದು ಕೆಳಗೆ ಬರೆದಿದ್ದರು. ಅದನ್ನು ಓದಿ ಪತ್ರಿಕೆಯನ್ನು ಮೂಲೆಗೆ ಎಸೆದೆ. ಆದರೂ ಫೋಟೋ ಅವರಿಗೆ ಮುಟ್ಟಬೇಕಲ್ಲ ಎಂದು ಒಂದು ಬೆಳಿಗ್ಗೆ ಹಟ್ಟಿಗೆ ಹೋದೆ.

ಆಕೆ ಕೂಲಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು. ಮಗಳು ಕಂಬದ ಹತ್ತಿರ ಕೂತಿದ್ದಳು, ಕಾಲಿಗೆ ಬೇರೆ ಬಣ್ಣದ ಸೀರೆಯ ಹೊಸ ಹಗ್ಗ. ಮಗು ಬೆಳೆದಿತ್ತು, ಹಗ್ಗ ಉದ್ದವಾಗಿರಲಿಲ್ಲ. ಫೋಟೋ ಕೊಟ್ಟೆ. ಬಹಳ ಹೊತ್ತು ನೋಡಿ, ಕೆಳಗೆ ಏನು ಬರೆದೈತ್ರಿ ಎಂದು ಕೇಳಿದಳು. ಈ ಸಲ ನಾನು ತರ್ಜುಮೆ ಮಾಡಲಿಲ್ಲ. ಕೋಣೆ ಆಗುವುದಿಲ್ಲ ಎಂದಷ್ಟೇ ಹೇಳಿದೆ.

‘ಆಯಮ್ಮ ಎಲ್ಡನೇ ಸಲ ಯಾಕ ಕೇಳ್ಲಿಲ್ರಿ?’

‘ಅವ್ರ ಕಡಿ ಒಂದಾ ಸಲ ಕೇಳ್ತಾರಕ್ಕಾ.’

‘ಹಂಗಾರ ನೀವಾರ ಹೇಳಬೇಕಿತ್ತಲ್ರೀ. ನೀವು ನಮ್ಮೋರಲ್ಲೇನು?’

ಬೈಯಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ್ದಳು. ಹಿಂದಿನ ದಿನ ಯಾರೋ ನನ್ನನ್ನು ಬೈದಿದ್ದರು, ಆ ಸಿಟ್ಟಿಗೆ ನಿನ್ನ ಕೋಣೆ ಹೋಯಿತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬಾಗಿಲಾಚೆ ನೋಡಿದೆ. ಹೊರಗೆ ನಾಲ್ಕು ಮೂಲೆಯ ಕಲ್ಲುಗಳಲ್ಲಿ ಎರಡು ಆಗಲೇ ಒಲೆಗುಂಡುಗಳಾಗಿದ್ದವು.

ಆಕೆ ಫೋಟೋವನ್ನು ಮಾಡದಲ್ಲಿಟ್ಟು ತಿರುಗಿದಳು.

‘ಚಾ ಕುಡೀತೀರೇನ್ರಿ ಅಕ್ಕಾರ?’

‘ಈಗ ಆತಕ್ಕಾ, ಕುಡಿದಾ ಬಂದೀನಿ’ ಎಂದೆ. ಕೊಟ್ಟೂರು ಬಿಟ್ಟ ಮೇಲೆ ನೀರೂ ಕುಡಿದಿರಲಿಲ್ಲ.

ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. ‘ಆತು ಬಿಡ್ರಿ’ ಎಂದಳು. ಮಗಳ ಕಾಲಿನ ಗಂಟು ಬಿಗಿಯಾಗಿದೆಯೇ ಎಂದು ಒಮ್ಮೆ ಎಳೆದು ನೋಡಿ, ಕುಡುಗೋಲು ತೆಗೆದುಕೊಂಡು ಹೊಲದ ದಾರಿ ಹಿಡಿದಳು.