ಫೋನಕ್ಕ ಕರೆದರೆ ಹೆದರಬೇಡಿ

ಬೆಳಕು ಹರಿಯುವ ಹೊತ್ತು. ಹೆರಿಗೆ ಆಸ್ಪತ್ರೆಯ ಹಿಂಬದಿಯಲ್ಲಿ ಹತ್ತಿಯ ಮೂಟೆಗಳನ್ನು ಪೇರಿಸಿಟ್ಟ ಕೋಣೆ. ಅದರ ಮೂಲೆಯಲ್ಲಿ ಒಂದು ಮೇಜು, ಒಂದು ಫೋನು. ಕುರ್ಚಿಯಲ್ಲಿ ಕೂತ ಹೆಂಗಸು ಶಾಲನ್ನು ಕಿವಿ ಬಿಟ್ಟು ಹೊದ್ದುಕೊಂಡು ನಂಬರ್ ಒತ್ತುತ್ತಾರೆ. ಆ ಕಡೆಯಿಂದ "ಹಲೋ" ಎಂದದ್ದೇ ತಡ, ಒಂದೇ ಉಸಿರಿಗೆ ಹೇಳುತ್ತಾರೆ: "ಎಲ್ಲ ಚೆನ್ನಾಗಿದೆ ಕಣಮ್ಮ, ಮೊದಲು ಅದನ್ನ ಕೇಳಿಸ್ಕೋ. ನಾನು ಯಾರು ಅಂತ ಆಮೇಲೆ ಹೇಳ್ತೀನಿ."

ಬಸುರಿಯರ ಬಾಯಲ್ಲಿ ಇವರು ಫೋನಕ್ಕ. ಹೊಟ್ಟೆಯಲ್ಲಿರುವ ಮಗುವಿನ ಬೆಳವಣಿಗೆಯಲ್ಲಿ ತೊಂದರೆಯಿದೆಯೇ, ತಾಯಿಗೆ ರಕ್ತದೊತ್ತಡವೋ ಸಕ್ಕರೆಯೋ ಏರುತ್ತಿದೆಯೇ ಎಂದು ತಿಳಿಯಲು ಇಲ್ಲಿ ರಕ್ತಪರೀಕ್ಷೆ, ಸ್ಕ್ಯಾನಿಂಗ್ ನಡೆಯುತ್ತವೆ. ಅನುಮಾನ ಬಂದರೆ ಮತ್ತೆ ಕರೆಸಬೇಕು. ಕರೆಸುವುದು ಫೋನಕ್ಕನ ಕೆಲಸ. ಅನುಮಾನವೆಂದರೆ ಕಾಯಿಲೆಯೇ ಆಗಬೇಕಿಲ್ಲ. ಎರಡನೆಯ ಪರೀಕ್ಷೆಯಲ್ಲಿ ಎಷ್ಟೋ ಜನರಿಗೆ ಏನೂ ಇರುವುದಿಲ್ಲ. ಆದರೆ ಬಾರದೇ ಇದ್ದರೆ ತಿಳಿಯುವುದಾದರೂ ಹೇಗೆ?

ತೊಡಕಿರುವುದು ಅಲ್ಲೇ. ಫೋನಕ್ಕ ಕರೆದರೆ ಕೆಟ್ಟ ಸುದ್ದಿ ಎಂಬ ಮಾತು ಬೀದಿಯಿಂದ ಬೀದಿಗೆ ಹಬ್ಬಿತು. ನಂಬರ್ ಕಂಡರೆ ಫೋನನ್ನು ದಿಂಬಿನಡಿ ತಳ್ಳುವವರು ಹೆಚ್ಚಾದರು. ಅದಕ್ಕೇ ಕೆಲವು ತಿಂಗಳಿಂದ, ಯಾರೂ ಹೇಳದಿದ್ದರೂ, ಕೆಲಸದ ಹೊತ್ತಿಗೆ ಮುಂಚೆಯೇ ಬಂದು ಎಲ್ಲ ಸರಿಯಿದ್ದವರಿಗೂ ಕರೆ ಮಾಡುತ್ತಾರೆ. "ಕೆಟ್ಟದ್ದಕ್ಕೆ ಮಾತ್ರ ಬಾಯಿ ಬಿಟ್ರೆ ಯಾರು ತಾನೇ ಮುಖ ಕೊಟ್ಟು ಮಾತಾಡ್ತಾರೆ ಹೇಳಿ?"

ದಿನಕ್ಕೆ ನಲವತ್ತರ ಮೇಲೆ ಕರೆ. ಸಂಜೆಗೆ ಗಂಟಲು ಕಟ್ಟಿರುತ್ತದೆ. ಮನೆಗೆ ಹೋದರೆ ಹೈಸ್ಕೂಲಿನ ಮಗಳು ಅದೇ ದನಿಯಲ್ಲಿ ಅಣಕಿಸುತ್ತಾಳೆ: "ಗಾಬರಿ ಆಗ್ಬೇಡ ತಾಯಿ, ಹಾಲು ಉಕ್ಕಿದೆ ಅಷ್ಟೆ."

ಈ ಮಗಳು ಹೊಟ್ಟೆಯಲ್ಲಿದ್ದಾಗ ಫೋನಕ್ಕ ಒಂದು ಶಾಲೆಯಲ್ಲಿ ನೆಲ ಒರೆಸುತ್ತಿದ್ದರು. ಒಂದು ಮಧ್ಯಾಹ್ನ ಕರೆ ಬಂತು. "ನಿಮ್ಮ ಸ್ಕ್ಯಾನ್ ಸರಿಯಿಲ್ಲ, ನಾಳೆ ಬನ್ನಿ" ಎಂದು ಯಾರೋ ಫೋನು ಇಟ್ಟುಬಿಟ್ಟರು. "ಬಕೆಟ್ ಪಕ್ಕದಲ್ಲೇ ಕೂತ್ಬಿಟ್ಟೆ. ಇನ್ನೊಂದು ಮಾತು ಹೇಳ್ತಾರೇನೋ ಅಂತ ಫೋನನ್ನ ಕಿವಿಗೇ ಹಿಡ್ಕೊಂಡಿದ್ದೆ." ಮಗುವಿನ ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿದ್ದವು. ಮೊದಲೇ ತಿಳಿದದ್ದರಿಂದ ಹೆರಿಗೆ ದೊಡ್ಡಾಸ್ಪತ್ರೆಯಲ್ಲಾಯಿತು, ಹುಟ್ಟಿದ ವಾರದಲ್ಲೇ ಆಪರೇಷನ್ನೂ ಆಯಿತು. ಆಮೇಲೆ ಈ ಆಸ್ಪತ್ರೆಗೆ ಕಸ ಗುಡಿಸಲು ಸೇರಿದರು. ಹೊರಗೆ ಕಾಯುವ ಬಸುರಿಯರ ಜೊತೆ ಇವರು ಆಡುವ ಮಾತು ಕೇಳಿ ದೊಡ್ಡ ನರ್ಸ್ ಫೋನಿನ ಮುಂದೆ ಕೂರಿಸಿದರು.

ಈ ವಾರ ಇವರ ನಿದ್ದೆ ಕೆಡಿಸಿರುವವರು ಹೊಲಿಗೆ ಕೆಲಸದ ಒಬ್ಬ ಬಸುರಿ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದೆ. ಐದನೇ ತಿಂಗಳು, ಮಗುವಿನ ಹೃದಯದ ಬಗ್ಗೆ ಅನುಮಾನ. ಹೃದಯ ನೋಡುವ ವೈದ್ಯೆ ಇಲ್ಲಿಗೆ ಬರುವುದೇ ತಿಂಗಳಿಗೊಮ್ಮೆ, ಅದೂ ನಾಳೆ. ಎಷ್ಟು ಸಲ ಕರೆ ಮಾಡಿದರೂ ಈ ಬಸುರಿ ಫೋನು ಎತ್ತುತ್ತಿಲ್ಲ. ಕೊನೆಗೆ ಇಂದು ಎತ್ತಿದ್ದು ಅತ್ತೆ.

"ನಿಮ್ಮ ಫೋನ್ ಬಂದ್ರೆ ಒಳ್ಳೇದಲ್ಲ ಅಂತಾರೆ. ನಮ್ಮ ಸೊಸೆ ಹೆದರಿ ಬಟ್ಟೆ ರಾಶಿಯೊಳಗೆ ಮುಚ್ಚಿಟ್ಟಿದ್ಲು."

"ಹೆದರಿಕೆ ಆಗುತ್ತಮ್ಮ, ತಪ್ಪಲ್ಲ. ಆದ್ರೆ ನಾಳೆ ಕರ್ಕೊಂಡು ಬನ್ನಿ."

"ಏನಾಗಿದೆ ಅಂತ ಹೇಳ್ಬಿಡಿ, ಯಾಕೆ ಸತಾಯಿಸ್ತೀರಿ?"

"ಹೇಳೋದು ಡಾಕ್ಟರಮ್ಮನ ಕೆಲಸ. ನಾನಾದ್ರೆ ಅರ್ಧ ಹೇಳ್ತೀನಿ, ಉಳಿದರ್ಧನ ನೀವು ಭಯದಿಂದ ತುಂಬ್ಕೋತೀರಿ."

ಅತ್ತೆಯ ದನಿಯ ಹಿಂದೆ ಟಕಟಕ ಎನ್ನುತ್ತಿದ್ದ ಹೊಲಿಗೆ ಯಂತ್ರ ನಿಲ್ಲುತ್ತದೆ. ಸೊಸೆಗೂ ಕೇಳಲೆಂದು ಫೋನಕ್ಕ ದನಿ ಏರಿಸುತ್ತಾರೆ. "ನನಗೂ ಇಂಥದೇ ಫೋನ್ ಬಂದಿತ್ತಮ್ಮ. ಅವತ್ತು ಹೊಟ್ಟೇಲಿದ್ದವಳು ಇವತ್ತು ನನ್ನ ತಲೆ ಮೇಲೆ ಮೆಣಸು ಅರೀತಾಳೆ."

ಅತ್ತೆಗೆ ನಗು ತಡೆಯಲಾಗುವುದಿಲ್ಲ. ನಗು ನಿಂತ ಮೇಲೆ ಇನ್ನೊಂದು ಸಣ್ಣ ದನಿ: "ಎಷ್ಟೊತ್ತಿಗೆ ಬರ್ಬೇಕು ಅಕ್ಕ?"

ಮರುದಿನ ಅತ್ತೆ ಸೊಸೆ ಇಬ್ಬರೂ ಬರುತ್ತಾರೆ. ಅನುಮಾನ ನಿಜವೇ ಆಗುತ್ತದೆ. ಹೆರಿಗೆ ದೊಡ್ಡಾಸ್ಪತ್ರೆಯಲ್ಲಿ, ಹೃದಯದ ವೈದ್ಯರ ಎದುರೇ ಆಗಬೇಕು. ಸುಲಭವೆಂದು ವೈದ್ಯೆ ಹೇಳುವುದಿಲ್ಲ, ದಾರಿಯಿದೆ ಎನ್ನುತ್ತಾರೆ. ಫೋನಕ್ಕ ಜೀವ ಉಳಿಸಿದರು ಎಂದು ಬರೆದರೆ ತಪ್ಪಾದೀತು. ಆ ಕೆಲಸ ಇನ್ನೂ ಮುಂದಿದೆ, ಅದನ್ನು ಮಾಡುವವರೂ ಬೇರೆ. ಇವರು ಮಾಡಿದ್ದು ಬಾಗಿಲವರೆಗೆ ಕರೆತಂದದ್ದು.

ಹೊರಡುವಾಗ ಸೊಸೆ ಮೇಜಿನ ಬಳಿ ನಿಲ್ಲುತ್ತಾರೆ. ಅತ್ತು ಕಣ್ಣು ಕೆಂಪಾಗಿದೆ. "ಇನ್ಮೇಲೆ ನೀವು ಮಾಡಿದ್ರೆ ತಗೊಳ್ತೀನಿ ಅಕ್ಕ."

"ನಾನಲ್ಲ, ನೀನು ಮಾಡು," ಎನ್ನುತ್ತಾರೆ ಫೋನಕ್ಕ, ಫೋನಿನ ತಲೆ ಸವರುತ್ತ. "ಇದಕ್ಕೆ ಊರೋರನ್ನೆಲ್ಲ ಕರೆದೂ ಕರೆದೂ ಸಾಕಾಗಿದೆ. ಇದನ್ನ ಕರೆಯೋರು ಯಾರೂ ಇಲ್ಲ. ಹೆರಿಗೆ ಆದ ಮೇಲೆ ಒಂದ್ಸಲ ಮಾಡು. ಏನೂ ಹೇಳೋದು ಬೇಡ, ಫೋನನ್ನ ಮಗು ಬಾಯಿ ಹತ್ರ ಹಿಡಿ ಸಾಕು. ಅಳು ಕೇಳಿಸ್ಕೊಂಡು ಇಟ್ಬಿಡ್ತೀನಿ."